ಬಾಣಂತಿ ಕೋಣೆಯ ಸಂದಿ

ಚೊಚ್ಚಲ ಹೆರಿಗೆಗೆಂದು ಮುಧೋಳದ ಗಂಡನ ಮನೆಯಿಂದ ಬನಹಟ್ಟಿಯ ತವರಿಗೆ ಬಂದಾಗ ಅವ್ವನಿಗೆ ನನಗಿಂತ ಬಾಗಿಲ ಚಿಂತೆಯೇ ದೊಡ್ಡದಾಗಿತ್ತು. ಬಾಣಂತಿ ಕೋಣೆಯ ಎರಡು ಕದಗಳನ್ನು ಎಷ್ಟು ಒತ್ತಿ ಮುಚ್ಚಿದರೂ ನಡುವೆ ಬೆರಳಗಲ ಸಂದಿ ಉಳಿಯುತ್ತಿತ್ತು. ಕೂಸು ಹುಟ್ಟಿದ ಮೇಲಂತೂ ಅವಳ ಬಾಯಿಗೆ ಬಿಡುವೇ ಇಲ್ಲ.

“ಬಾಣಂತಿಗಿ ಗಾಳಿ ಬಡದ್ರ ಜಲ್ಮಾ ಪೂರ್ತಿ ತಲಿನೋವು. ನಿಮಗೇನ್ರಿ, ಮಗ್ಗದಾಗ ಕುಂತ್ರ ಲೋಕಾನ ಮರೀತೀರಿ,” ಎಂದು ಅಪ್ಪನನ್ನು ಚುಚ್ಚುತ್ತಿದ್ದಳು.

ಅಪ್ಪ ಸಂದಿಯಲ್ಲಿ ಬೆರಳು ತೂರಿಸಿ ನೋಡಿದ. “ಇದಕ್ಕ ಬಡಗ್ಯಾ ಯಾಕ ಬೇಕ? ನಾ ಇಲ್ಲೇನು?” ಎಂದ. ಅಪ್ಪನ ರಿಪೇರಿ ನನಗೆ ಗೊತ್ತಿತ್ತು. ನೂಲಿಗೆ ಹಚ್ಚುವ ಗಂಜಿ ಕೈಗೆ ಸಿಕ್ಕರೆ ಸಾಕು, ಮುರಿದ ಕುರ್ಚಿಗೂ ಅದೇ ಮದ್ದು, ಹರಿದ ಕೊಡೆಗೂ ಅದೇ. ಅಂಥ ಮನುಷ್ಯ.

ಮರುದಿನ ಮುಂಜಾನೆ ಅವ್ವ ನನಗೂ ಕೂಸಿಗೂ ನೀರು ಎರೆದು ಮಲಗಿಸಿ, ಹೊರಸಿನ ಕೆಳಗೆ ಕೆಂಡದ ಶೆಗಡಿ ಇಟ್ಟು, ಬೆಳಕಿಂಡಿಗೆ ಗೋಣಿಚೀಲ ತುರುಕಿದಳು. ಅಪ್ಪ ಹಾಳು ನೂಲನ್ನು ಜಡೆಯಂತೆ ಹೆಣೆದು, ಗಂಜಿಯಲ್ಲಿ ಅದ್ದಿ, ಹೊರಗಿನಿಂದ ಸಂದಿಯ ಉದ್ದಕ್ಕೂ ಗಿಡಿದು ತುಂಬಿದ. ಕದ ಅಲುಗಬಾರದೆಂದು ಚಿಲಕ ಹಾಕಿ, ಅದಕ್ಕೊಂದು ಮೊಳೆಯನ್ನೂ ಬಿಗಿದ.

“ಒಣಗೂತನಾ ಯಾರೂ ತಗೀಬ್ಯಾಡ್ರಿ!” ಎಂದು ಕೂಗಿ ಮಗ್ಗಕ್ಕೆ ಕೂತ. ಅವ್ವ ಅರಿವೆ ಒಗೆಯಲು ಬಾವಿಗೆ ಹೋದಳು.

ನನಗೆ ಮಲಗಲಾಗಲಿಲ್ಲ. ಎದ್ದು ಕೂತೆ, ಮತ್ತೆ ಬಿದ್ದುಕೊಂಡೆ, ಸೆರಗಿನಿಂದ ಬೀಸಿಕೊಂಡೆ. ತಲೆ ಸಿಡಿಯುತ್ತಿತ್ತು. ಗಾಳಿ ಬಡಿದರೆ ತಲೆನೋವಂತೆ! ಇಲ್ಲಿ ಗಾಳಿಯೇ ಇಲ್ಲವಲ್ಲ ಎಂದು ಇಬ್ಬರ ಮೇಲೂ ಕೆಟ್ಟ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕೂಸಿನತ್ತ ತಿರುಗಿದೆ. ಮುಂಜಾನೆಯಿಂದ ಕಿರುಚುತ್ತಿದ್ದದ್ದು ಸುಮ್ಮನಾಗಿತ್ತು. ಮೊಲೆ ಬಾಯಿಗಿಟ್ಟೆ, ಚೀಪಲಿಲ್ಲ. ಅಂಗಾಲು ಚಿವುಟಿದೆ, ಮುಖ ಕಿವುಚಲಿಲ್ಲ.

ಅಯ್ಯೋ ನನ್ನ ಶಿವನೇ! ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಓಡಿದೆ. ಜಗ್ಗಿದೆ, ಒದ್ದೆ. “ಯಪ್ಪಾ!” ಎಂದು ಅರಚಿದೆ. ಮಗ್ಗದ ಖಟಪಟ ನಿಲ್ಲಲಿಲ್ಲ. ಕದಕ್ಕೆ ಒರಗಿ ಕೆಳಗೆ ಕೂತೆ. ಹೊಸ್ತಿಲ ಬಳಿ ಜಡೆಯ ತುದಿ ಒಳಗೆ ಇಣುಕಿತ್ತು. ಹಿಡಿದು ಎಳೆದೆ. ಅಪ್ಪನ ಹೆಣಿಗೆ ಗಟ್ಟಿ, ಹರಿಯಲಿಲ್ಲ. ಇಡೀ ಜಡೆ ಸರಸರನೆ ಕಿತ್ತು ಬಂತು. ಕೂಸಿನ ಮುಖವನ್ನು ಸಂದಿಗೆ ಒತ್ತಿ ಹಿಡಿದು, ಅದರ ಮೇಲೆ ನನ್ನ ಬಾಯಿಯನ್ನೂ ಹಚ್ಚಿ ಕೂಗಿದೆ.

“ಯಪ್ಪಾ, ಕೂಸು ಮಿಸುಕವಲ್ದು!”

ಮಗ್ಗ ನಿಂತಿತು. ಅಪ್ಪ ಓಡಿ ಬಂದ. ಮೊಳೆ ಜಗ್ಗಿದ, ಬರಲಿಲ್ಲ. ಅದನ್ನು ಬಿಟ್ಟು ಸಂದಿಯಲ್ಲಿ ಬೆರಳು ತೂರಿಸಿದ.

“ಉಸರ ಐತೇನವ್ವಾ? ನೋಡು, ಇಲ್ಲಿ ಹಿಡಿ.”

ಕೂಸಿನ ಮೂಗನ್ನು ಆ ಬೆರಳಿಗೆ ತಾಗಿಸಿದೆ. ಅದರ ಬೆನ್ನು ತಿಕ್ಕಿದೆ. ಆಮೇಲೆ ಕೂಸು ಒಮ್ಮೆ ಸೀನಿತು, ಮತ್ತೆ ಓಣಿಗೆಲ್ಲ ಕೇಳುವಂತೆ ಕಿರುಚಿತು. ಅಪ್ಪ ಮೊಳೆಯನ್ನು ಕಲ್ಲಿನಿಂದ ಬಡಿದು ಉದುರಿಸಿ, ಎರಡೂ ಕದ ಹಾರು ಹೊಡೆದು, ಶೆಗಡಿಯನ್ನು ಅಂಗಳಕ್ಕೆ ಒಗೆದ.

ಅವ್ವ ಒದ್ದೆ ಅರಿವೆ ಹೊತ್ತು ಬಂದವಳೇ ಶುರು ಹಚ್ಚಿಕೊಂಡಳು. “ಇದೇನ್ರಿ! ಬಾಣಂತಿಗಿ ಗಾಳಿ ಬಡಿಯಾಕತ್ತೈತಿ, ಕದಾ ಹಾಕ್ರಿ!”

“ಬಡೀಲಿ,” ಎಂದ ಅಪ್ಪ. ಅವನ ಬೆರಳು ಮತ್ತೆ ಕೂಸಿನ ಮೂಗಿನ ಕೆಳಗೆ ಹೋಗಿತ್ತು.