ನಾಲ್ಕು ಡಬ್ಬಿಗಳ ಕಪ್ಪು ಬೀಜ

ಡಬ್ಬಿ ಹಂಚುವ ದಿನ ಬೈಟಾನ್ ಹಳ್ಳಿಯಲ್ಲಿ ಕುಚೋದ್ಯಕ್ಕೆ ಬರವಿರುವುದಿಲ್ಲ. ಯೂಜಿಯಾಂಗ್ ನದಿಯ ದಂಡೆಯ ಮಲ್ಲಿಗೆ ಹೊಲಗಳಲ್ಲಿ ಆ ವೇಳೆಗೆ ಹೂವು ಮುಗಿದಿರುತ್ತದೆ. ಕೈಗೆ ಕೆಲಸವಿಲ್ಲದ ಜನರ ನಾಲಿಗೆಗೆ ಕೆಲಸ ಹೆಚ್ಚು. ನೊಂಗ್ ಲೀಜೂ ಬಿದಿರು ಬುಟ್ಟಿಯಲ್ಲಿ ಪ್ಲಾಸ್ಟಿಕ್ ಡಬ್ಬಿಗಳನ್ನು ಹೊತ್ತು ಮನೆಮನೆಗೆ ಹೋಗುವಾಗ ಯಾರಾದರೊಬ್ಬರು ಕೂಗದೆ ಬಿಡುವುದಿಲ್ಲ.

“ಲೀಜೂ ಅಕ್ಕಾ, ಈ ಸಲದ ಡಬ್ಬಿ ಚಿಕ್ಕದಾಯ್ತು! ನಮ್ಮ ಯಜಮಾನ್ರಿಗೆ ಬಕೆಟ್ಟೇ ಬೇಕು.”

“ಬಕೆಟ್ ಕೊಟ್ರೆ ಅಷ್ಟೂ ನಾನೇ ನೋಡ್ಬೇಕಲ್ಲೇ ತಾಯಿ. ಕಡ್ಲೆಬೀಜದಷ್ಟು ಸಾಕು. ನಾಳೆ ಬೆಳಗ್ಗೆ ಬರ್ತೀನಿ. ಹೆಸರು ಅಳಿಸ್ಬೇಡ.”

ಇಪ್ಪತ್ತೇಳು ವರ್ಷಗಳಿಂದ ಅವಳು ಊರಿನ ಮಲವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತ ಬಂದಿದ್ದಳು. ಕಬ್ಬಿಣದ ಜಾಲರಿಯಲ್ಲಿ ಸೋಸಿ, ತೂತಿರುವ ಬಿಲ್ಲೆಯಿಂದ ಅಳೆದು, ಗಾಜಿನ ಮೇಲೆ ಹರಡಿ, ಹಸಿರು ದ್ರವದಲ್ಲಿ ನೆನೆದ ತೆಳುಹಾಳೆಯನ್ನು ಒತ್ತಿ ಕಾಯುವುದು ಅವಳ ಕೆಲಸ. ಹಸಿ ಹೊಳೆಮೀನಿನ ಮೂಲಕ ಹೊಟ್ಟೆ ಸೇರುವ ಪಿತ್ತನಾಳದ ಹುಳುವಿನ ಮೊಟ್ಟೆ ಎಳ್ಳಿನ ಆಕಾರದ್ದು, ಒಂದು ತುದಿಗೆ ಮುಚ್ಚಳವಿರುತ್ತದೆ. ಅವಸರದ ಕಣ್ಣಿಗೆ ಅದು ಬೀಳುವುದಿಲ್ಲ. ಲೀಜೂ ಅವಸರದವಳಲ್ಲ. ಅವಳ ದಾಖಲೆ ಪುಸ್ತಕದಲ್ಲಿ ಒಂದು ಸಾಲನ್ನೂ ಹೊಡೆದುಹಾಕಿ ತಿದ್ದಿದ್ದಿಲ್ಲ ಎಂಬುದು ಊರಿಗೆ ಗೊತ್ತಿಲ್ಲದಿದ್ದರೂ ಅವಳಿಗೆ ಗೊತ್ತಿತ್ತು.

ಅವಳಿಗೆ ಹನ್ನೊಂದು ತುಂಬಿದಾಗ ತಂದೆ ತೀರಿಕೊಂಡಿದ್ದರು. ಕಣ್ಣು ಅರಿಶಿನವಾಗಿ, ಹೊಟ್ಟೆ ಉಬ್ಬಿ, ಮೈ ತುರಿಸಿ ತುರಿಸಿ ಹೋದ ಸಾವು. ಕಾರಣವನ್ನು ಯಾರೂ ನೋಡಲಿಲ್ಲ. ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ಹತ್ತೊಂಬತ್ತರ ಅಣ್ಣ ಬೋಶಾನ್ ತಂದೆಯ ಮೀನಿನ ಕತ್ತಿಯನ್ನು ಕೈಗೆತ್ತಿಕೊಂಡ. ಆ ಸೀಮೆಯಲ್ಲಿ ಹಸಿ ಮೀನಿಲ್ಲದ ಮದುವೆ ಮದುವೆಯಲ್ಲ, ಮನೆ ಕಟ್ಟಿದವನು ಹಸಿ ಮೀನು ಬಡಿಸದಿದ್ದರೆ ಸೂರಿಗೆ ನೆಲೆಯಿಲ್ಲ. ಬೋಶಾನ್ ಸೀಳಿದ ಹೋಳು ಎಷ್ಟು ತೆಳುವೆಂದರೆ ಅದರ ಹಿಂದಿನ ತಟ್ಟೆಯ ಹೂಬಳ್ಳಿಯ ಎಲೆಗಳನ್ನು ಎಣಿಸಬಹುದಿತ್ತು. ಆ ಕತ್ತಿಯ ಅನ್ನ ತಿಂದೇ ಲೀಜೂ ಬೆಳೆದಳು, ಆ ಅನ್ನದ ಬಲದಿಂದಲೇ ತಾಲೂಕು ಕೇಂದ್ರಕ್ಕೆ ಹೋಗಿ ಸೂಕ್ಷ್ಮದರ್ಶಕ ಹಿಡಿಯುವುದನ್ನು ಕಲಿತಳು.

ಆ ಬಾರಿ ಪಟ್ಟಣದಿಂದ ಸ್ಕ್ಯಾನಿಂಗ್ ವ್ಯಾನ್ ಬಂದಿತ್ತು. ಮೊಟ್ಟೆ ಕಂಡವರಿಗೆ ಗುಳಿಗೆ, ಜೊತೆಗೆ ಹೊಟ್ಟೆಯ ಸ್ಕ್ಯಾನ್. ವ್ಯಾನ್ ನಿಲ್ಲುವುದು ಮೂರೇ ದಿನ. ಮತ್ತೆ ಬರುವುದು ಬರುವ ವರ್ಷ. ಎರಡನೆಯ ದಿನ ಮಧ್ಯಾಹ್ನ ಲೀಜೂ ಅಣ್ಣನ ಮನೆಯ ನಾಲ್ಕು ಡಬ್ಬಿಗಳನ್ನು ನೋಡಿ ಮುಗಿಸಿದಳು. ಅಣ್ಣ, ಅತ್ತಿಗೆ, ಮಗ, ಸೊಸೆ, ನಾಲ್ವರಲ್ಲೂ ಮೊಟ್ಟೆ ಇಲ್ಲ. ನಾಲ್ಕು ಸಾಲುಗಳಲ್ಲಿ ‘ಇಲ್ಲ’ ಎಂದು ಬರೆದಳು.

ವ್ಯಾನಿನ ತಾನ್ ಡಾಕ್ಟರು ಪುಸ್ತಕ ನೋಡಿ ನಕ್ಕರು. “ಕತ್ತಿ ಹಿಡಿಯೋರ ಮನೇಲೇ ಹುಳ ಇಲ್ವಲ್ಲಮ್ಮ! ನಿಮ್ಮಣ್ಣನ ಫೋಟೋ ಗೋಡೆಗೆ ಹಾಕ್ಬೇಕು.”

ಲೀಜೂ ನಗಲಿಲ್ಲ. ಮೂವತ್ತೆಂಟು ವರ್ಷ ವಾರಕ್ಕೊಂದು ತಟ್ಟೆ ಹಸಿ ಮೀನು ತಿಂದವನ ಹೊಟ್ಟೆಯಲ್ಲಿ ಒಂದು ಮೊಟ್ಟೆಯೂ ಇಲ್ಲವೆ? ಅಣ್ಣ ಈಚೆಗೆ ಬೆಲ್ಟಿಗೆ ಎರಡು ಹೊಸ ತೂತು ಕೊರೆಸಿದ್ದ. ಬಿಸಿಲಿಗೆ ಮುಖವೆತ್ತಿದಾಗ ಅವನ ಕಣ್ಣಿನ ಬಿಳಿ ಅಷ್ಟು ಬಿಳಿಯಾಗಿರಲಿಲ್ಲ. ಅವಳು ನಾಲ್ಕೂ ಗಾಜುಗಳನ್ನು ಮತ್ತೆ ಒಂದೊಂದಾಗಿ ಇಟ್ಟು ನೋಡಿದಳು. ಮೊಟ್ಟೆ ಇರಲಿಲ್ಲ. ಆದರೆ ನಾಲ್ಕರಲ್ಲೂ ಒಂದೇ ಬಗೆಯ ನಸುಗೆಂಪು ಬಣ್ಣವಿತ್ತು. ಎದ್ದು ಡಬ್ಬಿಗಳ ಮುಚ್ಚಳ ತೆಗೆದಳು. ನಾಲ್ಕರಲ್ಲೂ ಸಾಸಿವೆಗಿಂತ ಚಿಕ್ಕ ಕಪ್ಪು ಬೀಜಗಳು, ಕೆಂಪು ಡ್ರ್ಯಾಗನ್ ಹಣ್ಣಿನವು.

ಬೋಶಾನ್ ಆ ಹಣ್ಣನ್ನು ಬಾಯಿಗಿಡುವವನಲ್ಲ. ಸಕ್ಕರೆ ಬೆರೆಸಿದ ಮಣ್ಣು ಎನ್ನುತ್ತಿದ್ದ. ಆ ಮನೆಯಲ್ಲಿ ಅದನ್ನು ದಿನವೂ ತಿನ್ನುವವಳು ಸೊಸೆ ಯಾನ್ಚಿ ಒಬ್ಬಳೇ. ಅವಳು ಹುನಾನಿನ ಬೆಟ್ಟದ ಕಡೆಯ ಹುಡುಗಿ, ಹಸಿ ಮೀನಿನ ವಾಸನೆಗೇ ಮೂಗು ಮುಚ್ಚುವವಳು. ಒಬ್ಬಳದ್ದನ್ನೇ ನಾಲ್ಕು ಡಬ್ಬಿಗೆ ಹಂಚಿದ್ದರು.

ಲೀಜೂ ಕೈ ತೊಳೆದು ನೇರವಾಗಿ ಅಣ್ಣನ ಮನೆಗೆ ನಡೆದಳು. ಬೋಶಾನ್ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಸಾಣೆಕಲ್ಲಿಗೆ ಕತ್ತಿ ತಿಕ್ಕುತ್ತಿದ್ದ. ವರ್ಷದ ಅತಿ ದೀರ್ಘ ರಾತ್ರಿಯ ಹಬ್ಬ, ಚಳಿಗಾಲದ ಸಂಕ್ರಾಂತಿಗೆ ಹನ್ನೆರಡೇ ದಿನ ಉಳಿದಿತ್ತು. ಅಂದು ಇಡೀ ಊರು ಹಸಿ ಮೀನು ತಿನ್ನುತ್ತದೆ.

“ಅಣ್ಣಾ, ಡ್ರ್ಯಾಗನ್ ಹಣ್ಣು ಯಾವಾಗಿಂದ ತಿನ್ನೋಕೆ ಶುರು ಮಾಡ್ದೆ?”

“ನಾನ್ಯಾಕೆ ಆ ಮಣ್ಣು ತಿನ್ಲಿ?”

“ನಿನ್ನ ಡಬ್ಬೀಲಿ ಬೀಜ ಇದೆ.”

ಸಾಣೆಕಲ್ಲಿನ ಸದ್ದು ನಿಂತಿತು. ಬಾಗಿಲ ಬಳಿ ಬಟ್ಟೆ ಹಿಂಡುತ್ತಿದ್ದ ಯಾನ್ಚಿ ಕಿವಿಯವರೆಗೂ ಕೆಂಪಾದಳು. “ನಾನು ಬೇಡ ಅಂದೆ ಅತ್ತೆ. ಮಾವ ಕೇಳ್ಲಿಲ್ಲ. ‘ನೀನು ಊರಿಗೇ ಉಪಕಾರ ಮಾಡ್ತಿದೀಯ’ ಅಂದ್ರು.”

“ಹೋಗಿ ನೀರು ಕಾಯ್ಸಮ್ಮ,” ಎಂದ ಬೋಶಾನ್. ಸೊಸೆ ಒಳಗೆ ಹೋದ ಮೇಲೆ ತಂಗಿಯತ್ತ ತಿರುಗಿದ. “ನೋಡು ಪುಟ್ಟೀ, ಒಂದು ತಟ್ಟೆಗೆ ಒಂದು ಬಟ್ಟಲು ಹೆಂಡ, ಎರಡೆಸಳು ಬೆಳ್ಳುಳ್ಳಿ. ನನ್ನೊಳಗಿರೋ ಹುಳ ಎಲ್ಲ ಕುಡಿದು ಸತ್ತಿರ್ತವೆ.”

“ಮೂವತ್ತೆಂಟು ವರ್ಷ ನಿನ್ನ ಜೊತೆ ಕುಡಿದಿದಾವೆ. ನೀನೇ ಸತ್ತಿಲ್ಲ, ಅವು ಯಾಕೆ ಸಾಯ್ತವೆ?”

ಅವನಿಗೆ ನಗು ಬಂತು. ಮರುಕ್ಷಣ ಮುಖ ಗಟ್ಟಿಯಾಯಿತು. “ಬೋಶಾನನ ಹೊಟ್ಟೇಲಿ ಹುಳ ಅಂತ ಹೆಸರು ಬಂದ್ರೆ ಯಾವ ಮದುವೆಗೆ ಕರೀತಾರೆ? ಅಪ್ಪ ಬಿಟ್ಟೋಗಿದ್ದು ಇದೊಂದೇ ಕತ್ತಿ.”

“ಅಪ್ಪ ಹೋದದ್ದು ಹೇಗೆ ಅಂತ ನೆನಪಿದೆಯಾ?”

“ಅದು ಅವನ ಹಣೆಬರಹ. ನೀನು ‘ಇಲ್ಲ’ ಅಂತ ಬರ್ದಿದೀಯ ತಾನೆ? ಹಾಗೇ ಇರ್ಲಿ.”

ಲೀಜೂ ಹಿಂದಿರುಗಿದಳು. ವ್ಯಾನ್ ಮರುದಿನ ಮಧ್ಯಾಹ್ನ ಹೊರಡುವುದಿತ್ತು. ಕೂತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ನಡೆಯಬೇಕೆನಿಸುತ್ತಿತ್ತು. ಜಾಲರಿಯನ್ನು ಮೂರು ಸಲ ತೊಳೆದಳು. ಬುಟ್ಟಿಯ ತಳದಲ್ಲಿ ಒಂದು ಖಾಲಿ ಡಬ್ಬಿ ಉಳಿದಿತ್ತು. ಪ್ರತಿ ವರ್ಷವೂ ಒಂದು ಉಳಿಯುತ್ತಿತ್ತು, ಯಾಕೆಂದು ಅವಳು ಯೋಚಿಸಿರಲಿಲ್ಲ. ಊರಿನ ಎಣಿಕೆಯಲ್ಲಿ ಅವಳೂ ಒಬ್ಬಳು. ಅದು ಅವಳದೇ ಡಬ್ಬಿ.

ಪರೀಕ್ಷಿಸುವವಳು ಪರೀಕ್ಷೆಗೆ ಒಳಗಾಗಬೇಕಿಲ್ಲ ಎಂಬ ಅಹಂಕಾರವನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಅದು ತಾನಾಗಿ ಬೆಳೆಯುತ್ತದೆ. ತಾನು ಹಸಿ ಮೀನನ್ನು ಮುಟ್ಟುವವಳಲ್ಲ ಎಂದೇ ಲೀಜೂ ಎಲ್ಲರಿಗೂ ಹೇಳುತ್ತಿದ್ದಳು. ಆದರೆ ಸಂಕ್ರಾಂತಿಯ ದಿನ ಅಣ್ಣ ಶುಂಠಿ, ಕಡಲೆಕಾಯಿ ಎಣ್ಣೆ ಬೆರೆಸಿ ಕೊಟ್ಟ ಮೂರು ಹೋಳನ್ನು ಅವಳು ಎಂದೂ ಬೇಡವೆಂದಿರಲಿಲ್ಲ. ಅಣ್ಣನ ತಟ್ಟೆಯನ್ನು ತಳ್ಳುವುದು ಅಣ್ಣನನ್ನೇ ತಳ್ಳಿದಂತೆ.

ಮರುದಿನ ಬೆಳಗ್ಗೆ ಅವಳು ತನ್ನ ಡಬ್ಬಿಯನ್ನು ತಾನೇ ಸೋಸಿ, ಅಳೆದು, ಗಾಜಿಗೆ ಹಚ್ಚಿದಳು. ತೆಳುಹಾಳೆಯ ಹಸಿರು ತಿಳಿಯಾಗುವವರೆಗೆ ಕಿಟಕಿಗೂ ಬಾಗಿಲಿಗೂ ಓಡಾಡಿದಳು. ಕೊನೆಗೆ ಕಣ್ಣಿಟ್ಟಳು. ಒಂದು. ಪಕ್ಕದಲ್ಲೇ ಇನ್ನೊಂದು. ಹದಿನೆಂಟಾಯಿತು. ಮೊದಲಿನಿಂದ ಮತ್ತೆ ಎಣಿಸಿದಳು, ಎಣಿಕೆ ತಪ್ಪಿರಲಿಲ್ಲ.

ಬೋಶಾನನನ್ನು ಕರೆತರಲು ಅವಳೇ ಹೋದಳು. ಬರಲೊಲ್ಲದವನ ತೋಳು ಹಿಡಿದು, ಬೀದಿಯ ಹೆಂಗಸರು ನೋಡುತ್ತಿದ್ದಂತೆಯೇ ನಡೆಸಿಕೊಂಡು ಬಂದಳು.

“ಏನು ಲೀಜೂ ಅಕ್ಕಾ, ಅಣ್ಣನ್ನ ಅರೆಸ್ಟ್ ಮಾಡಿದ್ರಾ?” ಎಂದು ಒಬ್ಬಳು ಕೂಗಿದಳು.

“ಡಬ್ಬಿ ಕದ್ದಿದಾನೆ!” ಎಂದಳು ಇನ್ನೊಬ್ಬಳು.

ಸೂಕ್ಷ್ಮದರ್ಶಕದ ಮುಂದೆ ಅವನನ್ನು ಕೂರಿಸಿದಳು. “ಒಂದು ಕಣ್ಣು ಮುಚ್ಚು. ಎಳ್ಳಿನ ಥರ ಕಾಣುತ್ತಲ್ಲ, ಅದು.”

ಅವನು ಬಹಳ ಹೊತ್ತು ನೋಡಿದ. “ಇದೆ. ಯಾವ ಬಡಪಾಯೀದು?”

“ನಂದು.”

ಅವನು ಇನ್ನೊಂದು ಕಣ್ಣಿಟ್ಟು ಮತ್ತೆ ನೋಡಿದ.

“ವರ್ಷಕ್ಕೆ ಮೂರು ಹೋಳು ಅಣ್ಣಾ. ಬೇರೆ ಯಾರ ಕೈಯಿಂದ್ಲೂ ನಾನು ಹಸಿ ಮೀನು ತಿಂದಿಲ್ಲ. ಮೂರು ಹೋಳಿಗೆ ಇಷ್ಟಿದ್ರೆ, ನಿನಗೆಷ್ಟಿರ್ಬೇಕು?”

ಬೋಶಾನ್ ಎದ್ದು ಹೊರಟುಹೋದ. ಅವಳು ದಾಖಲೆ ಪುಸ್ತಕ ತೆಗೆದು ಅಣ್ಣನ ಮನೆಯ ನಾಲ್ಕು ಸಾಲುಗಳಲ್ಲಿ ಮೂರರ ಮೇಲೆ ಗೀಟೆಳೆದಳು. ಕೆಳಗೆ ತನ್ನ ಹೆಸರು ಬರೆದು, ಮುಂದೆ ಹದಿನೆಂಟು ಎಂದು ತುಂಬಿದಳು. ತಾನ್ ಡಾಕ್ಟರು ಪುಸ್ತಕವನ್ನೂ ಅವಳನ್ನೂ ನೋಡಿದರು.

“ನಿಮ್ಮ ಪುಸ್ತಕದಲ್ಲಿ ಗೀಟು ಇದೇ ಮೊದಲು ಅಲ್ವೇನಮ್ಮ?”

“ಕೊನೇದಲ್ಲ ಡಾಕ್ಟ್ರೇ. ವ್ಯಾನ್ ಎಷ್ಟು ಗಂಟೆಗೆ ಹೊರಡುತ್ತೆ?”

“ಎರಡಕ್ಕೆ.”

ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಲೀಜೂ ಬಾಗಿಲಿಗೆ ಬಂದು ಬೀದಿ ನೋಡಿದಳು, ಒಳಗೆ ಹೋದಳು, ಮತ್ತೆ ಬಂದಳು. ಹನ್ನೆರಡಕ್ಕೆ ಯಾನ್ಚಿ ಓಡುತ್ತ ಬಂದಳು. ಅವಳ ಕೈಯಲ್ಲಿ ಬಾಳೆಎಲೆಯಲ್ಲಿ ಸುತ್ತಿದ, ಮನೆಯಲ್ಲೇ ತೊಳೆದು ತಂದ ಮೂರು ಡಬ್ಬಿಗಳಿದ್ದವು.

“ಇವು ಅವರವರದೇ ಅತ್ತೆ. ಬಚ್ಚಲ ಬಾಗಿಲಲ್ಲಿ ನಾನೇ ನಿಂತಿದ್ದೆ!”

ಮೊದಲಿಗೆ ಬೋಶಾನನ ಗಾಜು. ಬೀಜವಿರಲಿಲ್ಲ. ಮೊಟ್ಟೆಗಳು ಇನ್ನೂರನ್ನು ದಾಟಿದವು. ಉಳಿದಿಬ್ಬರದನ್ನು ನೋಡುವ ಮೊದಲೇ ಅಣ್ಣನ ಹೆಸರಿನ ಚೀಟಿಯನ್ನು ವ್ಯಾನಿಗೆ ಕಳುಹಿಸಿದಳು. ಒಂದೂವರೆಗೆ ಬೋಶಾನ್ ಅಂಗಿಯೆತ್ತಿ ಮಲಗಿದ್ದ. ತಾನ್ ಡಾಕ್ಟರು ಅವನ ಪಕ್ಕೆಯ ಮೇಲೆ ಯಂತ್ರವಾಡಿಸಿ ಪರದೆ ನೋಡಿದರು. ಆ ಹೊತ್ತು ಲೀಜೂಗೆ ತಂದೆಯ ಕೊನೆಯ ವಾರಕ್ಕಿಂತ ಉದ್ದವೆನಿಸಿತು.

“ನಾಳಗಳು ದಪ್ಪ ಆಗಿವೆ. ಗಡ್ಡೆ ಸದ್ಯಕ್ಕೆ ಕಾಣ್ತಿಲ್ಲ. ಇವತ್ತೇ ಗುಳಿಗೆ. ಆರು ತಿಂಗಳಿಗೆ ಪಟ್ಟಣಕ್ಕೆ ಬಂದು ಮತ್ತೆ ತೋರಿಸ್ಬೇಕು. ಮೀನು ಬೇಯಿಸಿ ತಿನ್ನಿ ಅಣ್ಣಾವ್ರೇ.”

“ಬೇಯ್ಸಿದ ಮೀನು ಹಲ್ಲಿಲ್ಲದೋರ ಊಟ,” ಎಂದು ಗೊಣಗಿದ ಬೋಶಾನ್. ಆದರೆ ಗುಳಿಗೆಗಳನ್ನು ತಂಗಿಯ ಎದುರಿಗೇ ನುಂಗಿದ. ಅವಳೂ ಅವನ ಎದುರಿಗೇ ನುಂಗಿದಳು.

ಸಂಕ್ರಾಂತಿಯ ಮಧ್ಯಾಹ್ನ ಅಂಗಳದ ತುಂಬ ನೆಂಟರಿದ್ದರು. ಕರೆಯದೆ ಯಾರೂ ಉಳಿದಿರಲಿಲ್ಲ, ಬರದೆಯೂ ಯಾರೂ ಉಳಿದಿರಲಿಲ್ಲ. ಬೋಶಾನ್ ಮೀನು ಕೊಯ್ಯುವ ಹಲಗೆಯ ಪಕ್ಕ ಒಲೆ ಹೂಡಿ ಕುದಿಯುವ ಅಕ್ಕಿಗಂಜಿಯ ಮಡಕೆ ಇಟ್ಟಿದ್ದ. ಎಂದಿನಂತೆ ಮೊದಲ ಹೋಳನ್ನು ಕತ್ತಿಯ ತುದಿಯಲ್ಲೆತ್ತಿ ಬಾಯಿಯತ್ತ ಒಯ್ದ. ಮೂವತ್ತೆಂಟು ವರ್ಷಗಳ ಕೈ ಅದು. ಎದುರು ನಿಂತ ಲೀಜೂಳನ್ನು ಕಂಡು ಕತ್ತಿಯನ್ನು ನಡುವೆಯೇ ನಿಲ್ಲಿಸಿದ.

“ರುಚಿ ನೋಡದೆ ಕತ್ತಿ ಹಿಡಿಯೋನು ಕುರುಡ ಕಣೇ,” ಎಂದು ಬೈದು, ಹೋಳನ್ನು ಗಂಜಿಗೆ ಉದುರಿಸಿದ. ಒಂದು ಬಟ್ಟಲು ತುಂಬಿ ಅವಳಿಗೆ ಕೊಟ್ಟ.

ಎರಡನೆಯ ಹೋಳು ಗಂಜಿಗೆ ಹೋಯಿತೋ ಬಾಯಿಗೆ ಹೋಯಿತೋ ಅವಳಿಗೆ ಕಾಣಲಿಲ್ಲ. ನೆಂಟರು ತಟ್ಟೆ ಹಿಡಿದು ನಡುವೆ ಅಡ್ಡ ನಿಂತಿದ್ದರು. ಕತ್ತು ಚಾಚಿ ಎಡಕ್ಕೆ ಸರಿದು ನೋಡಿದಳು, ಬಲಕ್ಕೆ ಸರಿದು ನೋಡಿದಳು. ಕೊನೆಗೆ ಗಂಜಿಯ ಬಟ್ಟಲನ್ನು ಕಟ್ಟೆಯ ಮೇಲಿಟ್ಟು, ಚೀಲದಿಂದ ಒಂದು ಖಾಲಿ ಡಬ್ಬಿ ತೆಗೆದು, ಮುಚ್ಚಳದ ಮೇಲೆ ಅಣ್ಣನ ಹೆಸರನ್ನೂ ಆರು ತಿಂಗಳಾಚೆಯ ದಿನಾಂಕವನ್ನೂ ಬರೆಯತೊಡಗಿದಳು.