ಮೊಸರಕ್ಕನ ಜಡೆ

ಆ ಮನೆಯಲ್ಲಿ ತಟ್ಟೆಗಿಂತ ಮೊದಲು ಮುಖಕ್ಕೆ ಬಡಿಸುತ್ತಾರೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಸುಳ್ಳೇನೂ ಆಗಿರಲಿಲ್ಲ. ಆ ಮನೆಯಾಕೆ ಸೌತೆಕಾಯಿ ಹೆಚ್ಚಿದರೆ ಮೊದಲ ಬಿಲ್ಲೆಗಳು ಅವಳ ಕಣ್ಣಿನ ಮೇಲೆ. ಟೀ ಸೋಸಿದರೆ ಉಳಿದ ಪುಡಿ ಇನ್ನೊಮ್ಮೆ ಕುದಿದು, ಆರಿ, ತಲೆಗೆ. ಅಕ್ಕಿ ತೊಳೆದ ನೀರು ಬಚ್ಚಲಿಗೆ ಹೋದದ್ದನ್ನು ಕಂಡವರೇ ಇಲ್ಲ. ಮೊಸರು ಹೆಪ್ಪುಗಟ್ಟಿದರೆ ಮೇಲಿನ ಕೆನೆ ಕೆನ್ನೆಗೆ, ಕೆಳಗಿನದು ಗಂಡನಿಗೆ. ಹೀಗಾಗಿ ಬೀದಿಗೆಲ್ಲ ಅವಳು ಮೊಸರಕ್ಕ. ಗಂಡನದು ಲಾರಿ ರಿಪೇರಿ ಕೆಲಸ, ಅವನು ಗ್ಯಾರೇಜಣ್ಣ.

"ಪಾಪ ಗ್ಯಾರೇಜಣ್ಣ, ಹೆಂಡ್ತಿ ಮುಖ ತೊಳ್ಕೊಂಡ ಮೇಲೇನೇ ಅವ್ರಿಗೆ ಊಟ!" ಎಂದು ಎದುರುಮನೆಯಾಕೆ ನಗುತ್ತಿದ್ದಳು. ಹಾಗೆ ನಕ್ಕವಳೇ ಮರುದಿನ ಹಿತ್ತಿಲ ಬಾಗಿಲಲ್ಲಿ ತಲೆಹೊಟ್ಟು ಕೆರೆದುಕೊಳ್ಳುತ್ತ ನಿಂತಿರುತ್ತಿದ್ದಳು. ಮೊಸರಕ್ಕ ನೆನೆಸಿದ ಮೆಂತ್ಯ ಅರೆದು, ಮೊಸರಿಗೆ ಕಲಸಿ ಕೊಡುತ್ತಿದ್ದಳು.

"ಮೊದ್ಲು ಕಿವಿ ಹಿಂದೆ ಹಚ್ಚಿ ನೋಡು. ಉರಿದ್ರೆ ತೊಳ್ಕೋ. ಆಮೇಲೆ ನನ್ನ ಬೈಬೇಡ."

ಕೆನ್ನೆ ತುಂಬ ಕೀವುಗಟ್ಟಿದ ಮೊಡವೆ ಹೊತ್ತು ಬಂದ ಹುಡುಗಿಗೆ ಮಾತ್ರ ಏನನ್ನೂ ಕೊಡಲಿಲ್ಲ. "ಇದು ಅಡುಗೆಮನೆ ಕೆಲ್ಸ ಅಲ್ಲ ಮಗಳೇ, ಡಾಕ್ಟರ ಹತ್ರ ಹೋಗು" ಎಂದು ಕಳಿಸಿದಳು.

ಒಮ್ಮೆ ಹಸಿದು ಬಂದ ಗ್ಯಾರೇಜಣ್ಣ, ಬಟ್ಟಲಲ್ಲಿ ಕಲಸಿಟ್ಟಿದ್ದ ಕಡಲೆಹಿಟ್ಟು, ಜೇನುತುಪ್ಪವನ್ನು ತಿಂಡಿ ಎಂದುಕೊಂಡು ಬಳಿದು ತಿಂದುಬಿಟ್ಟ.

"ಅಯ್ಯೋ, ನನ್ನ ಮುಖಾನೇ ತಿಂದ್ಬಿಟ್ರಲ್ಲ ರೀ!"

"ಮುಖ ಚೆನ್ನಾಗೇ ಇದೆ ಕಣೇ. ಸ್ವಲ್ಪ ಏಲಕ್ಕಿ ಹಾಕ್ಬೇಕಿತ್ತು."

ಅವಳ ಡಬ್ಬಿಗಳ ಸಾಲಿನಲ್ಲಿ ಅವನಿಗೆಂದೇ ಇದ್ದದ್ದು ಸಕ್ಕರೆ ಡಬ್ಬಿ. ಸಂಜೆ ಅವನು ಬಂದೊಡನೆ ಮುಂಬಾಗಿಲ ಮೆಟ್ಟಿಲ ಮೇಲೆ ಕೂರಿಸಿ, ಅಂಗೈಗೆ ಸಕ್ಕರೆ ಸುರಿದು, ಕೊಬ್ಬರಿ ಎಣ್ಣೆ ಬಿಟ್ಟು, ಉಗುರಸಂದಿಯ ಗ್ರೀಸೆಲ್ಲ ಬಿಡುವವರೆಗೆ ಉಜ್ಜುತ್ತಿದ್ದಳು. ಅವರ ಸಂಸಾರದ ಮಾತೆಲ್ಲ ನಡೆದದ್ದು ಆ ಮೆಟ್ಟಿಲ ಮೇಲೆಯೇ. ಮಗಳಿಗೆ ಹೆಸರು ಆರಿಸಿದ್ದು ಅಲ್ಲಿ, ಅಳಿಯನನ್ನು ಒಪ್ಪಿದ್ದೂ ಅಲ್ಲಿ. ಜಗಳವಾಡಿದ್ದೂ ಅಲ್ಲೇ. ಆ ದಿನ ಸಕ್ಕರೆ ಸ್ವಲ್ಪ ಜೋರಾಗಿ ಉಜ್ಜುತ್ತಿತ್ತು, ಅಷ್ಟೇ.

ಇಷ್ಟೆಲ್ಲ ಉಪಚಾರದಲ್ಲಿ ಸಿಂಹಪಾಲು ಅವಳ ಜಡೆಗೆ. ಸೊಂಟ ದಾಟಿ ಇಳಿಯುತ್ತಿದ್ದ ಆ ಜಡೆಯನ್ನು ಎಡ ಹೆಗಲಿನಿಂದ ಮುಂದಕ್ಕೆ ಎಳೆದುಕೊಂಡೇ ಅವಳು ಹೊರಗೆ ಹೆಜ್ಜೆ ಇಡುತ್ತಿದ್ದದ್ದು.

ಒಂದು ಬೆಳಿಗ್ಗೆ ಹಾಲು ಕಾಯಿಸುತ್ತಿದ್ದವಳು ಒಲೆಯ ಮುಂದೆಯೇ ಕುಸಿದಳು. ಆಸ್ಪತ್ರೆಯಿಂದ ಮರಳಿದಾಗ ಬಲಗೈ, ಬಲಗಾಲು ಅವಳ ಮಾತು ಕೇಳುತ್ತಿರಲಿಲ್ಲ. ಮಾತಿನಲ್ಲಿ ಉಳಿದದ್ದು "ಹೂಂ" ಒಂದೇ. ಬೇಕಾದರೂ ಹೂಂ, ಬೇಡವಾದರೂ ಹೂಂ. ಇಂಜಿನ್ನಿನ ಸದ್ದಿನಲ್ಲೇ ಅದರ ಕಾಯಿಲೆ ಹಿಡಿಯುತ್ತಿದ್ದ ಗ್ಯಾರೇಜಣ್ಣನಿಗೆ ಹೂಂಗಳ ಒಳಮರ್ಮ ಬೇಗ ಸಿಕ್ಕಿತು. ಗ್ಯಾರೇಜು ಬಿಟ್ಟು ಮನೆಯಲ್ಲಿ ನಿಂತ. ಅನ್ನಕ್ಕಿಡುವುದನ್ನು ಕಲಿತ, ಅವಳನ್ನು ಮಗ್ಗುಲು ಬದಲಿಸಿ ಮಲಗಿಸುವುದನ್ನು ಕಲಿತ. ಜಡೆಯ ಹತ್ತಿರ ಹೋಗಲು ಮಾತ್ರ ಧೈರ್ಯ ಬರಲಿಲ್ಲ. ಮಲಗಿ ಮಲಗಿ ಕೂದಲು ಸಿಕ್ಕುಗಟ್ಟಿ, ಹಗ್ಗದ ಉಂಡೆಯಂತಾಯಿತು.

ಭಾನುವಾರಕ್ಕೊಮ್ಮೆ ಬರುತ್ತಿದ್ದ ಮಗಳು ಆ ಸಲ ಕತ್ತರಿ ತಂದಳು. "ಅಪ್ಪ, ಅಮ್ಮಂಗೆ ತಲೆ ಹುಣ್ಣಾಗತ್ತೆ. ಕತ್ತರಿಸ್ಬಿಡೋಣ. ನಂಗೇನು ಖುಷಿನಾ?"

ಕತ್ತರಿಯ ಸದ್ದು ಕೇಳಿದ್ದೇ ತಡ, ಮೊಸರಕ್ಕನ ಎಡಗೈ ಆ ಉಂಡೆಯನ್ನು ಗಬಕ್ಕನೆ ಹಿಡಿಯಿತು. "ಹೂಂ." ಅದು ಯಾವ ಹೂಂ ಎಂದು ಗ್ಯಾರೇಜಣ್ಣ ಯಾರನ್ನೂ ಕೇಳಬೇಕಾಗಿರಲಿಲ್ಲ.

"ಬರೋ ಭಾನುವಾರದವರೆಗೆ ಬಿಡಮ್ಮ. ನಾನೇ ಬಿಡಿಸ್ತೀನಿ."

"ಬಿಡಿಸಕ್ಕಾಗ್ಲಿಲ್ಲ ಅಂದ್ರೆ?"

"ಆಗ ನೀ ಹೇಳಿದಂಗೆ."

ಮಗಳು ಕತ್ತರಿಯನ್ನು ಕಪಾಟಿನ ಮೇಲಿಟ್ಟು ಹೋದಳು.

ಕೂದಲು ಒರಟಾದಾಗ ಅವಳು ಮೊಟ್ಟೆ ಹಚ್ಚುತ್ತಿದ್ದದ್ದು ಅವನಿಗೆ ನೆನಪಿತ್ತು. ಮಾರನೆಯ ದಿನ ಅವಳನ್ನು ಬಚ್ಚಲಲ್ಲಿ ಕುರ್ಚಿಯ ಮೇಲೆ ಕೂರಿಸಿ, ಮೊಟ್ಟೆ ಒಡೆದು ಕಲಕಿ, ಧಾರಾಳವಾಗಿ ಬಳಿದ. ಪಾಪ, ಚಳಿಯಾದೀತು ಎಂದು ನೀರನ್ನು ಹದವಾಗಿ, ಅಂದರೆ ಲಾರಿಯವನ ಹದದಲ್ಲಿ, ಬಿಸಿ ಮಾಡಿ ಸುರಿದ.

ಮೊಟ್ಟೆ ಬೆಂದಿತು. ಗಂಟುಗಂಟಿನೊಳಗೂ ಬಿಳಿ ಹಳದಿ ಚೂರುಗಳು.

ಹಿತ್ತಿಲ ಬಾಗಿಲಿಂದ ಎದುರುಮನೆಯಾಕೆಯ ದನಿ ಬಂತು. "ಏನ್ ಗ್ಯಾರೇಜಣ್ಣ, ಇಷ್ಟೊತ್ತಲ್ಲಿ ಆಮ್ಲೆಟ್ಟಾ?"

ಜೀವಮಾನವೆಲ್ಲ ಅವಳು ಸಾಕಿದ್ದನ್ನು ಒಂದು ತಂಬಿಗೆ ನೀರಿನಲ್ಲಿ ಕೆಡಿಸಿದೆನಲ್ಲ ಎನ್ನಿಸಿತು ಗ್ಯಾರೇಜಣ್ಣನಿಗೆ. ಎದ್ದು ಹೋಗಿ ಕಪಾಟಿನ ಮೇಲಿನ ಕತ್ತರಿ ತಂದ. ಅವಳ ಬೆನ್ನು ನಡುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತ.

ಮೊಸರಕ್ಕ ನಗುತ್ತಿದ್ದಳು. ಅರ್ಧ ಮುಖದಲ್ಲಿ, ಕಣ್ಣಲ್ಲಿ ನೀರು ಬರುವಂತೆ. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲ ನಗು. ಎಡಗೈಯಿಂದ ಒಂದು ಮೊಟ್ಟೆಯ ಚೂರು ಕಿತ್ತು ಅವನ ಬಾಯಿಯ ಹತ್ತಿರ ಹಿಡಿದಳು. "ಹೂಂ?"

"ಉಪ್ಪಿಲ್ಲ ಕಣೇ," ಎಂದ ಅವನು. ಕತ್ತರಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಅಷ್ಟರಲ್ಲಿ ಎದುರುಮನೆಯಾಕೆ ಒಳಗೇ ಬಂದಿದ್ದಳು. "ಮೊಟ್ಟೆಗೆ ತಣ್ಣೀರು ಅಂತ ಈ ಅಕ್ಕ ಬಡ್ಕೊಂಡಿದ್ರೂ ಕೇಳ್ದೆ ನಾನೂ ಹಿಂಗೇ ಬೇಯಿಸ್ಕೊಂಡಿದ್ದೆ. ಮಧ್ಯಾಹ್ನವಿಡೀ ಕೂತು ಒಂದೊಂದೇ ಚೂರು ಆರಿಸಿ ತೆಗೆದ್ಳು ಮಹಾತಾಯಿ. ಎಣ್ಣೆ ತನ್ನಿ."

ಎಣ್ಣೆ ಎಂದೊಡನೆ ಗ್ಯಾರೇಜಣ್ಣನ ತಲೆಯಲ್ಲಿ ಬೆಳಕು ಮೂಡಿತು. ತುಕ್ಕು ಹಿಡಿದ ನಟ್ಟಿಗೆ ಬಲ ಹಾಕಿದರೆ ಮುರಿಯುತ್ತದೆ. ಎಣ್ಣೆ ಬಿಡಬೇಕು, ಕಾಯಬೇಕು, ಆಮೇಲೆ ಮೆಲ್ಲಗೆ ಅಲುಗಿಸಬೇಕು. ಇದು ಅವನಿಗೆ ಗೊತ್ತಿದ್ದ ಕೆಲಸವೇ. ಆ ವಾರವೆಲ್ಲ ಅದನ್ನೇ ಮಾಡಿದ. ಗಂಟಿಗೆ ಎಣ್ಣೆ ಬಿಟ್ಟು ಒಂದು ಟೀ ಕುಡಿಯುವನು. ತುದಿಯಿಂದ ಶುರುಮಾಡಿ, ಎಳೆ ಎಳೆಯಾಗಿ ಬಿಡಿಸುವನು. ನೋವಾದರೆ ಗಿಡ್ಡ ಹೂಂ, ಹಿತವಾದರೆ ಉದ್ದ ಹೂಂ. ಎದುರುಮನೆಯಾಕೆ ಜಡೆ ಹೆಣೆಯುವುದನ್ನು ಕಲಿಸಿದಳು. "ಬೆರಳು ಸಡಿಲ ಬಿಡಿ ಅಣ್ಣ, ಇದು ಲಾರಿ ಹಗ್ಗ ಅಲ್ಲ!"

ಭಾನುವಾರ ಮಗಳು ಬಂದಾಗ ಅಮ್ಮ ದಿಂಬಿಗೊರಗಿ ಕೂತಿದ್ದಳು. ಎಡ ಹೆಗಲ ಮೇಲಿಂದ ಜಡೆ ಇಳಿದಿತ್ತು. ಸ್ವಲ್ಪ ತೆಳ್ಳಗೆ, ಸ್ವಲ್ಪ ಸೊಟ್ಟಗೆ. ಮಗಳು ಅದನ್ನು ಸವರಿ ನೋಡಿ, ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡಳು.

ಸಂಜೆ ಮೊಸರಕ್ಕ ಅಡುಗೆಮನೆಯ ಕಡೆ ಕೈ ತೋರಿಸಿ ಹಟ ಹಿಡಿದಳು. ಗ್ಯಾರೇಜಣ್ಣ ಒಂದೊಂದೇ ಡಬ್ಬಿ ತಂದು ತೋರಿಸಿದ. ಸಕ್ಕರೆ ಡಬ್ಬಿ ಬಂದಾಗ ಉದ್ದನೆಯ ಹೂಂ. ಅವನ ಅಂಗೈ ಬಿಡಿಸಿ, ಒಂದೇ ಕೈಯಿಂದ ಉಜ್ಜತೊಡಗಿದಳು.

"ಗ್ರೀಸೇ ಇಲ್ವಲ್ಲೇ ಈಗ."

"ಹೂಂ," ಎಂದಳು, ಸುಮ್ಮನಿರಿ ಎನ್ನುವಂತೆ.

ಆಮೇಲೂ ಕೆಲವು ವರ್ಷ ಆ ಮನೆಯಲ್ಲಿ ಬೆಳಿಗ್ಗೆ ಜಡೆ, ಸಂಜೆ ಸಕ್ಕರೆ ತಪ್ಪಲಿಲ್ಲ.

ಮೊಸರಕ್ಕನ ಕೊನೆಯ ದಿನ, ಎತ್ತಿಕೊಂಡು ಹೋಗುವವರು ಬಂದು ಹೊರಗೆ ನಿಂತಿದ್ದರು. "ಒಂಚೂರು ತಡೀರಿ" ಎಂದು ಗ್ಯಾರೇಜಣ್ಣ ಬಾಗಿಲು ಮುಂದೆ ಮಾಡಿದ. ಎಣ್ಣೆ ಹಚ್ಚಿದ, ತುದಿಯಿಂದ ಬಾಚಿದ, ಹೆಣೆದ. ಒಳಗೆ ಬಂದ ಮಗಳು ಕಣ್ಣೊರೆಸಿಕೊಂಡು, "ಅಪ್ಪ, ಸ್ವಲ್ಪ ಸೊಟ್ಟಗಿದೆ, ಸರಿಮಾಡ್ಲಾ?" ಎಂದಳು.

"ಬೇಡಮ್ಮ. ಅವಳಿಗೆ ಇದೇ ಅಭ್ಯಾಸ."

ಜಡೆಯನ್ನು ಎಡ ಹೆಗಲ ಮೇಲಿಂದ ಮುಂದಕ್ಕೆ ತಂದಿಟ್ಟ. ಎತ್ತಿದಾಗ ಅದು ಪಕ್ಕಕ್ಕೆ ಜಾರಿತು. ಬಾಗಿಲ ಚಿಲಕಕ್ಕೆ ಸಿಕ್ಕಿ ಎಳೆದೀತೆಂದು ಗ್ಯಾರೇಜಣ್ಣ ಅದರ ತುದಿಯನ್ನು ಅಂಗೈಯಲ್ಲಿ ಹಿಡಿದುಕೊಂಡ. ಹಾಗೆ ಹಿಡಿದುಕೊಂಡೇ, ಅವಳ ಪಕ್ಕದಲ್ಲಿ, ಅವರಿಬ್ಬರೂ ಕೂರುತ್ತಿದ್ದ ಮೆಟ್ಟಿಲು ಇಳಿದ.