ಮೇಲಿನ ಮನೆಯ ಮಗ್ಗಿ

ನಾನು ಹದಿನಾಲ್ಕು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಿದ್ದೇನೆ. ನನ್ನ ಮಗಳಿಗೆ ಮಗ್ಗಿ ಬರುತ್ತಿರಲಿಲ್ಲ. ಇದನ್ನು ಸ್ಟಾಫ್ ರೂಮಿನಲ್ಲಿ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಬಸವೇಶ್ವರನಗರದ ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ದೊಡ್ಡ ಶಾಲೆಗೆ ಅವಳನ್ನು ಮೂರನೇ ಕ್ಲಾಸಿಗೆ ಸೇರಿಸಲೇಬೇಕು ಅನ್ನುವುದು ನನ್ನ ಹಟ. ಅಲ್ಲಿ ಪ್ರವೇಶ ಪರೀಕ್ಷೆ ಇತ್ತು. ಅದನ್ನು ಅವರು ಪರೀಕ್ಷೆ ಅನ್ನುವುದಿಲ್ಲ, 'ಇಂಟರ್ಯಾಕ್ಷನ್' ಅನ್ನುತ್ತಾರೆ. ಹತ್ತರವರೆಗೆ ಟೇಬಲ್ಸ್, ಕೂಡುವುದು, ಕಳೆಯುವುದು, ಎಲ್ಲ ಬಾಯಲ್ಲೇ, ಇಂಗ್ಲಿಷಿನಲ್ಲಿ.

ಚಾರ್ಟ್ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಕಡಲೆಕಾಳು ಗುಂಪು ಮಾಡಿ ತೋರಿಸಿದೆ. ಏಳರ ಟೇಬಲ್ ಹತ್ತಿರ ಬರುತ್ತಿದ್ದ ಹಾಗೆ ಅವಳು ನೀರು ಕುಡಿಯಲು ಎದ್ದು ಹೋಗುತ್ತಿದ್ದಳು. ವಾಪಸ್ ಬರುವಷ್ಟರಲ್ಲಿ ಆರರದ್ದೂ ಮರೆತಿರುತ್ತಿತ್ತು. ನಾನು ಕೂಗಾಡುತ್ತಿದ್ದೆ. ಸುಳ್ಳೇಕೆ, ಒಂದೆರಡು ಸಲ ಕೈಯನ್ನೂ ಎತ್ತಿದ್ದೇನೆ.

ಮೇಲಿನ ಮನೆಗೆ ಗದಗದ ಕಡೆಯ ಹೆಂಗಸೊಬ್ಬಳು ಬಾಡಿಗೆಗೆ ಬಂದಿದ್ದಳು. ಓದಿದ್ದು ಏಳನೇ ಕ್ಲಾಸು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ನಾನು ಸ್ಕೂಲಿಂದ ಬರುವವರೆಗೆ ಮಗಳು ಅಲ್ಲೇ ಇರುತ್ತಿದ್ದಳು. ಒಂದು ಸಂಜೆ ಕರೆಯಲು ಹೋದರೆ, ಹೊಲಿಗೆ ಮಿಷಿನ್ನಿನ ಸದ್ದಿಗೆ ಸರಿಯಾಗಿ ಇಬ್ಬರೂ ರಾಗ ಎಳೆಯುತ್ತಿದ್ದಾರೆ: "ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು..." ಮಗಳು ಬಟ್ಟೆ ಚೂರುಗಳ ಮೇಲೆ ಮಲಗಿ, ಕಾಲು ಆಡಿಸುತ್ತಾ, ಎಲ್ಲೂ ತಡವರಿಸದೆ ಎಪ್ಪತ್ತರವರೆಗೂ ಹೇಳಿ ಮುಗಿಸಿದಳು.

"ಭಾಳ ಶಾಣ್ಯಾ ಅದಾಳ್ರಿ ಅಕ್ಕಾರ. ಮೂರೇ ದಿನಕ್ಕ ಒಂಬತ್ತರ ಮಗ್ಗೀತನಕ ಬಂದಾಳ," ಅಂದಳು ಆಕೆ.

ಖುಷಿಯಾಗಬೇಕಿತ್ತು. ಹೊಟ್ಟೆ ಉರಿಯಿತು. ಬಿ.ಎಡ್. ಮಾಡಿದವಳು ನಾನು, ಹೆತ್ತವಳು ನಾನು, ಮಗ್ಗಿ ಮಾತ್ರ ಇವಳ ಹತ್ತಿರ! ಅದಕ್ಕಿಂತ ಸಂಕಟವಾದದ್ದು ಮಗಳ ಮುಖ ನೋಡಿ. ನನ್ನೆದುರು ಲೆಕ್ಕಕ್ಕೆ ಕೂತಾಗ ಆ ಮುಖವನ್ನು ಒಂದು ದಿನವೂ ಕಂಡಿರಲಿಲ್ಲ.

ಮೆಟ್ಟಿಲು ಇಳಿಯುವಾಗಲೇ ಹೇಳಿದೆ, "ಆ ಹಾಡೆಲ್ಲ ಅಲ್ಲಿ ನಡೆಯಲ್ಲ ಕಣೇ. ಇಂಗ್ಲಿಷಲ್ಲೇ ಹೇಳ್ಬೇಕು. ನಾಳೆಯಿಂದ ಮೇಲಕ್ಕೆ ಹೋಗ್ಬೇಡ."

ಇಂಗ್ಲಿಷ್ ಬರೀ ನೆಪ ಅಂತ ನನಗೆ ಗೊತ್ತಿತ್ತು. ಪರೀಕ್ಷೆಗೆ ಇನ್ನು ಹತ್ತು ದಿನ. ದಿನಾ ಅರ್ಧ ದಿನ ರಜ ಹಾಕಿ ನಾನೇ ಕೂರಿಸಿಕೊಂಡೆ. ಅವಳು ತುಟಿಯೊಳಗೇ ಕನ್ನಡದಲ್ಲಿ ಗುನುಗಿಕೊಂಡು, ಆಮೇಲೆ ಇಂಗ್ಲಿಷಿಗೆ ತಿರುಗಿಸಿ ಹೇಳುವುದನ್ನು ಕಲಿತಳು. ತುಟಿ ಅಲ್ಲಾಡಿದರೆ ಗದರುತ್ತಿದ್ದೆ.

ಇಂಟರ್ಯಾಕ್ಷನ್ ದಿನ ನನ್ನನ್ನೂ ಪಕ್ಕದಲ್ಲೇ ಕೂರಿಸಿದರು. ಆರರದ್ದು, ಏಳರದ್ದು ಸರಿಯಾಗಿ ಹೇಳಿದಳು. "ನೈನ್ ನೈನ್ಸ್ ಆರ್?" ಅಂದರು ಮಿಸ್. ಮಗಳ ತುಟಿ ಅಲ್ಲಾಡತೊಡಗಿತು. ಅಷ್ಟರಲ್ಲಿ ನನ್ನ ಕಡೆ ನೋಡಿ ಗಪ್ಪನೆ ಬಾಯಿ ಮುಚ್ಚಿದಳು. ಮರುಕ್ಷಣವೇ, "ನೈಂಟಿ ಒನ್" ಅಂದಳು.

ಎಂಬತ್ತಕ್ಕೆ ನೈಂಟಿ ಅಂದಿದ್ದಳು. ಒಂಬತ್ತು, ಎಂಬತ್ತು, ತೊಂಬತ್ತು, ಕನ್ನಡದಲ್ಲಿ ಎಣಿಸುವ ಮಕ್ಕಳು ಎಡವುವುದೇ ಅಲ್ಲಿ. ಮಿಸ್ "ಶೂರ್?" ಅಂತ ಕೇಳಿದ್ದೇ ತಡ, ಗಾಬರಿಯಾಗಿ ಎಂಟರದ್ದೂ ಕೈಕೊಟ್ಟಿತು. ನಾಲ್ಕು ದಿನದ ಮೇಲೆ ಸೀಟಿಲ್ಲ ಅಂತ ಮೆಸೇಜ್ ಬಂತು.

ಅವತ್ತು ಸಂಜೆ ಮಗಳ ಕೈ ಹಿಡಿದು ಬರುವಾಗ ಗೇಟಿನ ಹತ್ತಿರ ಮೇಲಿನ ಮನೆಯಾಕೆ ಸಿಕ್ಕಳು. "ಸೀಟಿನ ವಿಷಯ ಏನಾತ್ರಿ ಅಕ್ಕಾರ?" ಅಂದಳು. ಪಾಪ, ಆಸೆಯಿಂದಲೇ ಕೇಳಿದ್ದು.

"ಏನಾಗೋದು? ನಿಮ್ಮ ಕನ್ನಡ ಮಗ್ಗಿಯಿಂದ ಮಗು ಕನ್‌ಫ್ಯೂಸ್ ಆಯ್ತು, ಸೀಟು ಹೋಯ್ತು," ಅಂದುಬಿಟ್ಟೆ.

ಆಕೆಯ ಮುಖ ಸಪ್ಪಗಾಯಿತು. "ತಪ್ಪಾತ್ರಿ," ಅಂದಳು.

ಮಗಳು ನನ್ನ ಕೈ ಬಿಡಿಸಿಕೊಂಡಳು. ಆಕೆಯ ಕಡೆಗೆ ತಿರುಗಿ ಹೇಳಿದಳು, "ನಿಮ್ ತಪ್ಪಲ್ಲ ಆಂಟಿ. ನಂಗೆ ಎಂಬತ್ತೊಂದು ಅಂತ ಗೊತ್ತಿತ್ತು. ಅಮ್ಮ ಪಕ್ಕದಲ್ಲೇ ಕೂತಿದ್ಲು, ತುಟಿ ಅಲ್ಲಾಡಿದ್ರೆ ಬೈತಾಳೆ ಅಂತ ಬೇಗ ಹೇಳ್ಬಿಟ್ಟೆ."